ಮುಳ್ಳೇರಿಯದಿಂದ ತಾಳವಾಡಿಗೆ, ಹಳೆಯ ಫಿಯೆಟ್‌ನಲ್ಲಿ

ನಮ್ಮ ಮನೆಯ ಪ್ರೀಮಿಯರ್ ಪದ್ಮಿನಿಗೆ ಐವತ್ತು ತುಂಬಲು ಇನ್ನು ಕೆಲವೇ ವರ್ಷ ಬಾಕಿ. ಕಾಸರಗೋಡು ಜಿಲ್ಲೆಯ ಮುಳ್ಳೇರಿಯದ ಹತ್ತಿರ ನಮ್ಮ ತೋಟದ ಮನೆ. ಅಲ್ಲಿಗೆ ಈ ಕಾರು ತಂದವರು ದೊಡ್ಡಪ್ಪ. ಮದುವೆ ದಿಬ್ಬಣ, ಬಾಣಂತಿ, ಮಂಗಳೂರಿನ ಆಸ್ಪತ್ರೆಗೆ ಹೊರಟ ಅಜ್ಜ, ಅಡಿಕೆ ಗೋಣಿ, ಎಲ್ಲವನ್ನೂ ಅದು ಹೊತ್ತಿದೆ. ನಾವು ಅದನ್ನು ಇವತ್ತಿಗೂ ಫಿಯೆಟ್ ಅಂತಲೇ ಕರೆಯುವುದು. ಈ ಸಲ ಸಂಕ್ರಾಂತಿ ಕಳೆದ ಮೇಲೆ ಅದನ್ನು ಘಟ್ಟ ಹತ್ತಿಸಿದೆವು. ಮಡಿಕೇರಿ, ಮೈಸೂರು, ಚಾಮರಾಜನಗರ ದಾಟಿ ತಮಿಳುನಾಡಿನ ತಾಳವಾಡಿ ಸೇರಿದೆವು. ಅಲ್ಲಿಂದ ದಿಂಬಂ ಘಾಟಿ ಇಳಿದು ಬಣ್ಣಾರಿಯನ್ನೂ ನೋಡಿ ಬಂದೆವು.

ಹಳೆಯ ಕಾರನ್ನು ಇಷ್ಟು ದೂರ ಯಾಕೆ ಒಯ್ಯಬೇಕು ಎಂದು ಹೊರಡುವ ಮೊದಲು ಎಷ್ಟೋ ಜನ ಕೇಳಿದರು. ಪ್ರೀತಿ ಇದ್ದರೆ ಹೊದಿಕೆ ಹಾಕಿ ಜೋಪಾನವಾಗಿ ಇಡಬೇಕಲ್ವಾ ಅನ್ನುವುದು ಅವರ ಮಾತು. ನನ್ನ ನಂಬಿಕೆ ಇದಕ್ಕೆ ಪೂರ್ತಿ ಉಲ್ಟಾ. ಕಾರು ಓಡಿದರೆ ಉಳಿಯುತ್ತದೆ, ನಿಂತರೆ ಸಾಯುತ್ತದೆ.

ಇದು ಬರೀ ಭಾವನೆಯ ಮಾತಲ್ಲ. ನಿಂತ ಕಾರಿನ ಕಾರ್ಬ್ಯುರೇಟರಿನಲ್ಲಿ, ಅಂದರೆ ಪೆಟ್ರೋಲನ್ನು ಗಾಳಿಗೆ ಬೆರೆಸುವ ಭಾಗದಲ್ಲಿ, ಉಳಿದ ಪೆಟ್ರೋಲ್ ಆರಿ ಅಂಟು ಕಟ್ಟುತ್ತದೆ. ಪೆಟ್ರೋಲ್ ಚಿಮ್ಮಿಸುವ ಜೆಟ್ಟಿನ ಸಣ್ಣ ತೂತು ಮುಚ್ಚಲು ಅಷ್ಟೇ ಸಾಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಚಕ್ರದಲ್ಲಿ ಬ್ರೇಕ್ ಒತ್ತುವ ವೀಲ್ ಸಿಲಿಂಡರಿನೊಳಗೆ ತುಕ್ಕು ಹಿಡಿದು ಪಿಸ್ಟನ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಎಂಜಿನ್ ಆಯಿಲ್ ಪೂರ್ತಿ ಕೆಳಗಿಳಿದು ಮೇಲಿನ ಸೀಲುಗಳು ಒಣಗುತ್ತವೆ. ಒಂದೇ ಕಡೆ ಭಾರ ಬಿದ್ದು ಟೈರು ಚಪ್ಪಟೆಯಾಗುತ್ತದೆ. ನಮ್ಮ ಕಡೆ ಇದಕ್ಕೆಲ್ಲ ಮಳೆಗಾಲದ ತೇವ ಬೇರೆ. ಹೊದಿಕೆ ಹಾಕಿದಷ್ಟೂ ಒಳಗೆ ಬೆವರು. ನೆಲದ ಮ್ಯಾಟ್ ಎತ್ತಿ ನೋಡಿದರೆ ತಗಡು ಪುಡಿಯಾಗಿ ಕೈಗೆ ಬರುತ್ತದೆ. ತೋಟದ ಇಲಿಗಳಿಗೆ ವಯರಿಂಗ್ ಎಂದರೆ ತುಂಬ ಇಷ್ಟ.

ಈಗ ಇನ್ನೊಂದು ಹೊಸ ಕಾರಣ ಸೇರಿದೆ. ಇವತ್ತಿನ ಪೆಟ್ರೋಲಿನಲ್ಲಿ 20 ಶೇಕಡಾ ಎಥನಾಲ್. ಈ ಕಾರಿನ ರಬ್ಬರು ಪೈಪುಗಳನ್ನು, ಎಂಜಿನ್ನಿಗೆ ಪೆಟ್ರೋಲ್ ಕಳಿಸುವ ಪಂಪಿನ ಡಯಾಫ್ರಾಮ್ ಪರದೆಯನ್ನು ಮಾಡಿದ ಕಾಲದಲ್ಲಿ ಎಥನಾಲಿನ ಯೋಚನೆ ಯಾರಿಗೂ ಇರಲಿಲ್ಲ. ಅದು ಹಳೆಯ ರಬ್ಬರನ್ನು ಊದಿಸಿ ಮೆತ್ತಗೆ ಮಾಡುತ್ತದೆ. ತೇವವನ್ನೂ ಎಳೆದುಕೊಳ್ಳುತ್ತದೆ. ತಿಂಗಳುಗಟ್ಟಲೆ ಟ್ಯಾಂಕಿನಲ್ಲಿ ನಿಂತರೆ ತಳದಲ್ಲಿ ನೀರು, ನೀರಿದ್ದಲ್ಲಿ ತುಕ್ಕು. ಓಡುವ ಕಾರಿನಲ್ಲಿ ಪೆಟ್ರೋಲಿಗೆ ಹಳತಾಗಲು ಪುರುಸೊತ್ತೇ ಇರುವುದಿಲ್ಲ.

ಕಾನೂನಿನ ಕಡೆಯಿಂದಲೂ ಒಂದು ಮಾತಿದೆ. ಖಾಸಗಿ ಕಾರಿಗೆ 15 ವರ್ಷ ಆದ ಮೇಲೆ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಬೇಕು. ಅದರ ಶುಲ್ಕ 2022ರ ಏಪ್ರಿಲ್‌ನಲ್ಲಿ 600 ರೂಪಾಯಿಯಿಂದ ಒಂದೇ ಸಲ 5,000ಕ್ಕೆ ಹಾರಿತು. 2021ರಲ್ಲಿ ವಿಂಟೇಜ್ ವಾಹನಗಳಿಗೆಂದೇ ಬೇರೆ ನಿಯಮ ಬಂತು. 50 ವರ್ಷ ದಾಟಿದ, ಮೂಲ ರೂಪ ಕೆಡದ ಗಾಡಿಯನ್ನು ಹಾಗೆ ನೋಂದಾಯಿಸಬಹುದು. ಆದರೆ ನೋಂದಾಯಿಸಿದ ಮೇಲೆ ಅದನ್ನು ದಿನಬಳಕೆಗೆ ರಸ್ತೆಗೆ ಇಳಿಸುವ ಹಾಗಿಲ್ಲ. ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು, ಇಂಥವಕ್ಕೆ ಮಾತ್ರ. ಗೌರವ ಕೊಟ್ಟು ಮೂಲೆಯಲ್ಲಿ ಕೂರಿಸುವ ಏರ್ಪಾಡು ಇದು. ನಮ್ಮ ಕಾರಿಗೆ ಐವತ್ತಾದರೂ ನಾನು ಆ ದಾರಿ ಹಿಡಿಯುವುದಿಲ್ಲ. ಮಾಮೂಲಿ ಕಾರಾಗಿಯೇ ಎಫ್‌ಸಿ ಮಾಡಿಸಿ ಓಡಿಸುತ್ತೇನೆ. ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯದಲ್ಲಿರುವ ಹಳೆಯ ಕಾರುಗಳನ್ನು ನೋಡಲು ನನಗೆ ಬಹಳ ಖುಷಿ, ಹೋದಾಗಲೆಲ್ಲ ಗಂಟೆಗಟ್ಟಲೆ ನಿಲ್ಲುತ್ತೇನೆ. ಅಪರೂಪದ ಕಾರುಗಳಿಗೆ ಅಂಥ ಜಾಗ ಬೇಕೇ ಬೇಕು. ಆದರೆ ಪದ್ಮಿನಿ ಅಪರೂಪದ ಕಾರಲ್ಲ, ಊರೂರಲ್ಲಿ ಓಡಿದ ಕಾರು. ಅದರ ಜಾಗ ರಸ್ತೆ.

ಹೊಸಬರಿಗಾಗಿ ಎರಡು ಮಾತು. ಇದರ ಮೂಲ ಇಟಲಿಯ ಫಿಯೆಟ್ 1100 ಡಿ. 1964ರಿಂದ ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಇದನ್ನು ತಯಾರಿಸಿತು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1089 ಸಿಸಿಯ ಎಂಜಿನ್, ಸುಮಾರು 40 ಕುದುರೆಶಕ್ತಿ, ಸ್ಟೇರಿಂಗಿನ ಕೆಳಗೆ ಗೇರಿನ ಹಿಡಿ, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್. ಎಂಜಿನ್ ಮುಂದೆ, ಎಳೆತ ಹಿಂದಿನ ಚಕ್ರಕ್ಕೆ. ಮುಂಬಯಿಯ ಕಪ್ಪು ಹಳದಿ ಟ್ಯಾಕ್ಸಿ ಎಂದರೆ ಇದೇ. ಅಲ್ಲಿನ ಕೊನೆಯ ಪದ್ಮಿನಿ ಟ್ಯಾಕ್ಸಿಯ 20 ವರ್ಷದ ಅವಧಿ 2023ರ ಅಕ್ಟೋಬರಿನಲ್ಲಿ ಮುಗಿಯಿತು. ಪ್ರೀಮಿಯರ್ ಕಂಪನಿ ಕಟ್ಟಿದ ವಾಲ್‌ಚಂದ್ ಹೀರಾಚಂದ್ ಹುಟ್ಟಿದ್ದು ಸೊಲ್ಲಾಪುರದಲ್ಲಿ. ಕನ್ನಡ ಮಾತಾಡುವ ಇನ್ನೊಂದು ಗಡಿ ಊರು ಅದು. ಇದೇ ಕಾರಿನಲ್ಲಿ ಅಲ್ಲಿಗೂ ಒಂದು ಸಲ ಹೋಗಬೇಕು ಅನ್ನುವ ಆಸೆ ನನಗೆ ಬಹಳ ದಿನದಿಂದ ಇದೆ.

ಈ ಸಲ ತಾಳವಾಡಿ ಯಾಕೆ ಎಂದರೆ ಅಲ್ಲಿ ನನ್ನ ಹಾಸ್ಟೆಲ್ ಗೆಳೆಯನ ಮನೆ. ಮೈಸೂರಿನಲ್ಲಿ ಓದುವಾಗ ನಾವಿಬ್ಬರೂ ಒಂದೇ ರೂಮಿನಲ್ಲಿದ್ದೆವು. ನಾನು ಕೇರಳದ ಕನ್ನಡಿಗ, ಅವನು ತಮಿಳುನಾಡಿನ ಕನ್ನಡಿಗ. ಇಬ್ಬರಿಗೂ ಒಂದೇ ಪ್ರಶ್ನೆ ಎದುರಾಗುತ್ತಿತ್ತು: ‘ಅರೆ, ನಿಮಗೆ ಕನ್ನಡ ಇಷ್ಟು ಚೆನ್ನಾಗಿ ಹೇಗೆ ಬರುತ್ತೆ?’ 1956ರ ನವೆಂಬರ್ 1ರವರೆಗೆ ನಮ್ಮ ಎರಡೂ ಊರು ಮದ್ರಾಸ್ ರಾಜ್ಯದಲ್ಲೇ ಇದ್ದವು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ತಾಳವಾಡಿ ಕೊಯಮತ್ತೂರು ಜಿಲ್ಲೆಯಲ್ಲಿ. ರಾಜ್ಯಗಳ ಹೊಸ ಗೆರೆ ಎಳೆದಾಗ ಕೊಳ್ಳೇಗಾಲ ಮೈಸೂರಿಗೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು, ತಾಳವಾಡಿ ಇದ್ದಲ್ಲೇ ಉಳಿಯಿತು. ಇಬ್ಬರ ಮನೆಯಲ್ಲೂ ಇವತ್ತಿಗೂ ಕನ್ನಡವೇ. ಗಾಡಿಯ ನಂಬರ್ ಪ್ಲೇಟಿನಲ್ಲಿ ಮಾತ್ರ ಬೇರೆ ಬೇರೆ ಅಕ್ಷರ.

ಹೊರಡುವ ಮೊದಲು ಕಾರನ್ನು ಇಚ್ಚನ ಕೈಗೆ ಕೊಟ್ಟೆ. ಕಾಸರಗೋಡಿನ ಈ ಹಿರಿಯ ಮೆಕ್ಯಾನಿಕ್‌ನನ್ನು ನಾವೆಲ್ಲ ಕರೆಯುವುದೇ ಹಾಗೆ. ಮಲಯಾಳ, ತುಳು, ಬ್ಯಾರಿ, ಕನ್ನಡ, ಬಂದವರ ಬಾಯಿ ನೋಡಿ ಮಾತು ಬದಲಿಸುತ್ತಾನೆ. ನಾನು ಎಂಜಿನ್, ರೇಡಿಯೇಟರ್, ಹೀಟ್ ಎಂದೆಲ್ಲ ಶುರು ಮಾಡಿದೆ. ಅವನು ಕೇಳಿಸಿಕೊಂಡು ಮುಂದಿನ ಚಕ್ರದ ಹತ್ತಿರ ಕೂತ. ‘ಹತ್ತುದು ದೊಡ್ಡ ವಿಷಯ ಅಲ್ಲ ಮಾರಾಯ್ರೆ. ಹತ್ತಲಿಕ್ಕೆ ಆಗದಿದ್ರೆ ಗಾಡಿ ಅಲ್ಲೇ ನಿಲ್ತದೆ. ಇಳಿಲಿಕ್ಕೆ ಆಗದಿದ್ರೆ ನಿಲ್ಲುದಿಲ್ಲ.’

ಅವನು ಮೊದಲು ಬಿಚ್ಚಿದ್ದು ಬ್ರೇಕು. ನಾಲ್ಕೂ ಡ್ರಮ್ ಕಳಚಿ, ಒಳಗಿನಿಂದ ಅದಕ್ಕೆ ಒತ್ತುವ ಶೂ ಸವೆದಷ್ಟು ಬದಲಿಸಿ, ವೀಲ್ ಸಿಲಿಂಡರಿನ ರಬ್ಬರು ಕಪ್ಪುಗಳನ್ನೆಲ್ಲ ಹೊಸತು ಹಾಕಿದ. ಹಳೆಯ ಬ್ರೇಕ್ ಆಯಿಲನ್ನು ಪೂರ್ತಿ ಹೊರಗೆ ಬಿಟ್ಟ. ಚಹಾದ ಬಣ್ಣ ಬಂದಿತ್ತು. ನೀರು ಹೀರಿದ ಆಯಿಲ್ ಬಿಸಿಗೆ ಬೇಗ ಕುದಿಯುತ್ತದೆ, ಪೈಪಿನಲ್ಲಿ ಗುಳ್ಳೆ ಎದ್ದರೆ ಪೆಡಲ್ ಒತ್ತಿದರೂ ಒತ್ತಡ ಚಕ್ರಕ್ಕೆ ಹೋಗುವುದಿಲ್ಲ. ಆಮೇಲೆ ಎಥನಾಲ್ ತಡೆಯುವ ಹೊಸ ಪೆಟ್ರೋಲ್ ಪೈಪು, ಫ್ಯಾನ್ ಬೆಲ್ಟು, ರೇಡಿಯೇಟರಿನ ಮೇಲಿನ ಕೆಳಗಿನ ಹೋಸು. ಕೊನೆಗೆ ರೇಡಿಯೇಟರಿನ ಮುಚ್ಚಳ ಕೈಯಲ್ಲಿ ಹಿಡಿದು, ಅದರ ಸ್ಪ್ರಿಂಗನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ಎಸೆದು ಬೇರೆ ಹಾಕಿದ. ಮುಚ್ಚಳದಿಂದ ಏನಾಗುತ್ತದೆ ಎಂದು ಕಡೆಗಣಿಸುವವರೇ ಜಾಸ್ತಿ. ಒಳಗಿನ ಒತ್ತಡ ಹಿಡಿದು ನೀರು ಬೇಗ ಕುದಿಯದ ಹಾಗೆ ಕಾಯುವುದು ಅದೇ. ಮಡಿಕೇರಿಯಷ್ಟು ಎತ್ತರದಲ್ಲಿ ತೆರೆದ ಪಾತ್ರೆಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಒತ್ತಡ ಹಿಡಿಯದ ಮುಚ್ಚಳ ಇದ್ದರೆ ಘಟ್ಟದ ಮೇಲೆ ಉಗಿ ಏಳುವುದು ಖಂಡಿತ.

ಜೊತೆಗೆ ಬಂದದ್ದು ಭಾವ, ನನ್ನ ಅಕ್ಕನ ಗಂಡ. ಗಾಡಿ ಬಿಡುವುದರಲ್ಲಿ ಅವನಿಗೆ ಅಷ್ಟು ಆಸಕ್ತಿ ಇಲ್ಲ. ಆದರೆ ಮುಂದಿನ ಬೆಂಚ್ ಸೀಟಿನಲ್ಲಿ ಕೂತು, ತ್ರಿಕೋನದ ಸಣ್ಣ ಗಾಜು ತಿರುಗಿಸಿ ಮುಖಕ್ಕೆ ಗಾಳಿ ಬಿಟ್ಟುಕೊಂಡು ಊರು ನೋಡುವುದೆಂದರೆ ಅವನಿಗೆ ಬೇರೇನೂ ಬೇಡ.

ಬೆಳಗಿನ ಜಾವ ಹೊರಟು ಆದೂರು ದಾಟಿದೆವು. ಜಾಲ್ಸೂರಿನಲ್ಲಿ ಹೆದ್ದಾರಿ ಸೇರಿ ಸುಳ್ಯ. ಕಾಸರಗೋಡಿನ ಹತ್ತಿರ ಸಮುದ್ರ ಸೇರುವ ಚಂದ್ರಗಿರಿ ಹೊಳೆಗೆ ಸುಳ್ಯದಲ್ಲಿ ಪಯಸ್ವಿನಿ ಎಂದು ಹೆಸರು. ಅಂದರೆ ನಾವು ನಮ್ಮದೇ ಹೊಳೆಯ ಎದುರು ಎದುರಾಗಿ, ಅದು ಹುಟ್ಟುವ ಕೊಡಗಿನ ಬೆಟ್ಟಗಳ ಕಡೆಗೆ ಹತ್ತುತ್ತಿದ್ದೆವು. ಅರಂತೋಡು, ಸಂಪಾಜೆ, ಕೊಯನಾಡು. ಅಲ್ಲಿಂದ ಮುಂದೆ ನಿಜವಾದ ಏರು. 2018ರ ಆಗಸ್ಟಿನ ಮಳೆಗೆ ಜೋಡುಪಾಲದ ಸುತ್ತ ಗುಡ್ಡ ಜಾರಿದ್ದು ನೆನಪಿದೆಯಲ್ಲ, ಅದೇ ದಾರಿ.

ಘಟ್ಟದಲ್ಲಿ ಹಳೆಯ ಕಾರು ಬಿಡುವಾಗ ಜನ ಸಾಮಾನ್ಯವಾಗಿ ಎಂಜಿನ್ನಿಗೆ ಕಷ್ಟ ಕೊಡಬಾರದು ಎಂದು ಮೂರನೇ ಗೇರಿನಲ್ಲೇ ಎಳೆಸುತ್ತಾರೆ. ಸದ್ದು ಕಡಿಮೆ ಬರುತ್ತದೆ, ಗಾಡಿಗೆ ಆರಾಮ ಅಂದುಕೊಳ್ಳುತ್ತಾರೆ. ಈ ಕಾರಿನಲ್ಲಿ ಅದು ಸರಿಯಲ್ಲ. ಇದರ ಫ್ಯಾನ್ ತಿರುಗುವುದು ಎಂಜಿನ್ನಿನ ಬೆಲ್ಟಿನಿಂದ, ನೀರಿನ ಪಂಪೂ ಅದೇ ಬೆಲ್ಟಿನಿಂದ. ಎಂಜಿನ್ ನಿಧಾನ ತಿರುಗಿದರೆ ಫ್ಯಾನೂ ನಿಧಾನ, ನೀರಿನ ಓಟವೂ ನಿಧಾನ. ಏರಿನಲ್ಲಿ ಗಾಡಿಯ ವೇಗ ಇಲ್ಲದ್ದರಿಂದ ಎದುರು ಗಾಳಿಯೂ ಇಲ್ಲ. ಎರಡನೇ ಗೇರಿಗೆ ಇಳಿಸಿ ಸ್ವಲ್ಪ ಸದ್ದು ಮಾಡಿಸಿಯೇ ಹತ್ತಿಸಿದರೆ ಹೀಟಿನ ಮುಳ್ಳು ನಡುವಿನಲ್ಲೇ ನಿಲ್ಲುತ್ತದೆ. ಹಾಗೇ ಹತ್ತಿದೆವು. ಹಿಂದೆ ಬಂದವರಿಗೆಲ್ಲ ದಾರಿ ಬಿಟ್ಟೆವು. ಭಾವ ಪ್ರತಿ ಸಲವೂ ‘ಮೆಲ್ಲಂಗೆ ಹೋಪ ಭಾವ, ಎಂತ ಅರ್ಜೆಂಟು?’ ಅನ್ನುತ್ತಿದ್ದ.

ಜೋಡುಪಾಲ ದಾಟಿದ ಮೇಲೆ ರಸ್ತೆ ಕೆಲಸಕ್ಕೆ ಗಾಡಿಗಳನ್ನು ತಡೆದಿದ್ದರು. ಎಂಜಿನ್ ಬಂದ್ ಮಾಡಿ ಕೂತೆವು. ದಾರಿ ಬಿಟ್ಟಾಗ ಸೆಲ್ಫ್ ಹೊಡೆದರೆ ಎಂಜಿನ್ ತಿರುಗುತ್ತದೆ, ಹಿಡಿಯುವುದಿಲ್ಲ. ಬಾನೆಟ್ ಎತ್ತಿದೆ. ಕಾರ್ಬ್ಯುರೇಟರಿಗೆ ಪೆಟ್ರೋಲ್ ಬರುತ್ತಿಲ್ಲ. ಇದರ ಪಂಪು ಎಂಜಿನ್ನಿನ ಮೈಗೇ ಅಂಟಿಕೊಂಡಿದೆ. ಗಾಡಿ ಓಡುವಾಗ ಹೊಸ ಪೆಟ್ರೋಲ್ ಹರಿದು ಅದನ್ನು ತಂಪಾಗಿ ಇಡುತ್ತದೆ. ಬಿಸಿ ಎಂಜಿನ್ ನಿಲ್ಲಿಸಿದ ಕೂಡಲೇ ಆ ಬಿಸಿ ಪೂರ್ತಿ ಪಂಪಿಗೆ ಏರಿ, ಒಳಗಿನ ಪೆಟ್ರೋಲ್ ಆವಿಯಾಗುತ್ತದೆ. ಪಂಪು ಆವಿಯನ್ನೇ ಒತ್ತುತ್ತ ಕೂರುತ್ತದೆ, ದ್ರವ ಮುಂದೆ ಹೋಗುವುದಿಲ್ಲ. ನಮ್ಮ ಕಡೆ ಇದಕ್ಕೆ ಏರ್‌ಲಾಕ್ ಅನ್ನುತ್ತಾರೆ.

ಭಾವನ ಬೈರಾಸು ಒದ್ದೆ ಮಾಡಿ ಪಂಪಿನ ಸುತ್ತ ಸುತ್ತಿದೆ. ಮೊದಲ ಸಲ ಬಟ್ಟೆಯಿಂದ ಹಬೆ ಬಂತು. ಮತ್ತೆ ನೀರು ಹಾಕಿದೆ. ಪಂಪಿಗೆ, ಪೈಪಿಗೆ ಮಾತ್ರ. ಕಾದ ಎಂಜಿನ್ ಬ್ಲಾಕಿಗೆ ತಣ್ಣೀರು ತಾಗಿದರೆ ಬಿರುಕು ಬಿಡುವ ಅಪಾಯ ಇದೆ, ಅಲ್ಲಿ ಕೈ ಬಿಗಿ ಹಿಡಿಯಬೇಕು. ಬೈರಾಸಿನ ಬಿಸಿ ಇಳಿದು, ಮುಟ್ಟಿದರೆ ತಂಪು ತಾಗುವವರೆಗೆ ಕಾದೆವು. ಹಿಂದಿನ ಬಸ್ಸಿನ ಕಂಡಕ್ಟರ್ ಇಳಿದು ಬಂದು ನೋಡಿದ. ಅವನ ಅಪ್ಪನೂ ಒಂದು ಕಾಲದಲ್ಲಿ ಇದೇ ಕಾರು ಬಾಡಿಗೆಗೆ ಓಡಿಸುತ್ತಿದ್ದರಂತೆ. ಒಂದು ಬಾಟಲಿ ನೀರು ಕೊಟ್ಟು ಹೋದ. ಆಮೇಲೆ ಸೆಲ್ಫ್ ಹೊಡೆದಾಗ ಮೊದಲು ಎರಡು ಸಿಲಿಂಡರ್, ಮತ್ತೆ ನಾಲ್ಕೂ ಹಿಡಿದುಕೊಂಡಿತು. ಮಡಿಕೇರಿ ಮುಟ್ಟುವವರೆಗೆ ಎಂಜಿನ್ ಬಂದ್ ಮಾಡಲಿಲ್ಲ.

ಕುಶಾಲನಗರ, ಹುಣಸೂರು, ಮೈಸೂರಿನ ಬಗ್ಗೆ ಹೇಳಲು ಹೆಚ್ಚೇನೂ ಇಲ್ಲ. ಒಳ್ಳೆಯ ರಸ್ತೆ, ಒಳ್ಳೆಯ ಬಿಸಿಲು, ನಾಲ್ಕನೇ ಗೇರು. ಗಂಟೆಗೆ 60 ಕಿಲೋಮೀಟರ್ ಹತ್ತಿರದ ವೇಗದಲ್ಲಿ ಈ ಎಂಜಿನ್ನಿನ ಹಾಡು ಕೇಳಲು ಬಹಳ ಸೊಗಸು. ಮೈಸೂರಿನಲ್ಲಿ ಉಳಿದು ಬೆಳಿಗ್ಗೆ ಎದ್ದು ನಂಜನಗೂಡಿನ ದಾರಿ ಹಿಡಿದೆವು.

ನಂಜನಗೂಡು ದಾಟಿ ಚಾಮರಾಜನಗರದ ಕಡೆ ಹೋಗುವಾಗ ಎಂಜಿನ್ ಕೆಮ್ಮತೊಡಗಿತು. ಸೈಲೆನ್ಸರಿನಿಂದ ಪಟ್ ಪಟ್ ಸದ್ದು. ರಸ್ತೆ ಬದಿಯಲ್ಲಿ ಒಂದು ಗ್ಯಾರೇಜು ಕಂಡಿತು. ಟ್ರ್ಯಾಕ್ಟರು, ಆಟೊಗಳ ನಡುವೆ ತಲೆ ನರೆತ ಒಬ್ಬರು ಸ್ಟೂಲಿನ ಮೇಲೆ ಕೂತಿದ್ದರು. ಕೆಎಲ್ ನಂಬರ್ ನೋಡಿ ಪಕ್ಕದ ಹುಡುಗನಿಗೆ ‘ಮಲಯಾಳ ಬರೋರು ಯಾರಾರ ಅವ್ರೇನ್ಲಾ?’ ಎಂದು ಕೇಳಿದರು. ನಾನು ಕನ್ನಡದಲ್ಲೇ ವಿಷಯ ಹೇಳಿದೆ. ಅವರು ಒಂದು ಕ್ಷಣ ಮುಖ ನೋಡಿದರು. ‘ಕನ್ನಡದೋರೇನಾ? ಅಲ್ಲಿಂದ ಈ ಗಾಡೀಲೇ ಬಂದ್ರಾ ಸಾ?’ ಎಂದು ಎದ್ದು ಬಂದರು.

ಅವರು ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಎತ್ತಿ, ಹುಡುಗನಿಗೆ ಸೆಲ್ಫ್ ಹೊಡೆಯಲು ಹೇಳಿ, ಬಗ್ಗಿ ಅದರೊಳಗೆ ಕರೆಂಟ್ ಕಡಿದು ಕೂಡಿಸುವ ಪಾಯಿಂಟಿನ ಕಡೆ ನೋಡಿದರು. ಪಾಯಿಂಟ್ ತೆರೆದಾಗಲೆಲ್ಲ ನಡುವೆ ದೊಡ್ಡ ಕಿಡಿ ಹಾರುತ್ತಿತ್ತು. ‘ಕಂಡೆನ್ಸರ್ ಹೋಗದೆ’ ಅಂದರು. ಕಂಡೆನ್ಸರ್ ಸರಿ ಇದ್ದರೆ ಅಲ್ಲಿ ಕಿಡಿ ಕಾಣುವುದೇ ಕಷ್ಟ. ಕರೆಂಟನ್ನು ಅದು ಹೀರಿಕೊಂಡು, ಕಾಯಿಲಿನಿಂದ ಪ್ಲಗ್ಗಿಗೆ ಒಳ್ಳೆಯ ಹೊಡೆತ ಸಿಗುವ ಹಾಗೆ ಮಾಡುತ್ತದೆ. ಅದು ಕೆಟ್ಟರೆ ಪ್ಲಗ್ಗಿನಲ್ಲಿ ಬರಬೇಕಾದ ಶಕ್ತಿ ಪಾಯಿಂಟಿನಲ್ಲೇ ಸುಟ್ಟು ಹೋಗುತ್ತದೆ. ಅವರ ಹುಡುಗ ಬಗ್ಗಿ ಬಗ್ಗಿ ನೋಡಿದ. ದಿನಾ ಬೈಕು, ಕಾರಿಗೆ ಸ್ಕ್ಯಾನರ್ ಸಿಕ್ಕಿಸಿ ಕೋಡ್ ಓದುವವನು ಅವನು. ಬೆಂಕಿಯನ್ನು ಹೀಗೆ ಕಣ್ಣಾರೆ ನೋಡಿದ್ದು ಅವತ್ತೇ ಮೊದಲಂತೆ. ಇನ್ನೊಂದು ಸಲ ಹೊಡೀಲಾ ಎಂದು ಕೇಳಿ ಕೇಳಿ ಸೆಲ್ಫ್ ಹೊಡೆದ.

ನಮ್ಮ ಕಾರಿನ ಕಂಡೆನ್ಸರ್ ಅವರಲ್ಲಿ ಇರಲಿಲ್ಲ. ಹಳೆಯ ಬಜಾಜ್ ಸ್ಕೂಟರಿನದು ಒಂದು ಡಬ್ಬಿಯಲ್ಲಿತ್ತು. ಅದನ್ನು ಡಿಸ್ಟ್ರಿಬ್ಯೂಟರಿನ ಹೊರಗೆ ಕ್ಲಿಪ್ಪು ಹಾಕಿ ಕೂರಿಸಿ, ವಯರನ್ನು ಪಾಯಿಂಟಿಗೆ ಎಳೆದರು. ಸುಟ್ಟ ಪಾಯಿಂಟನ್ನು ಎಮರಿ ಪೇಪರಿನಿಂದ ತಿಕ್ಕಿ, ಗ್ಯಾಪ್ ಹೊಂದಿಸಿದರು. ಸಂದು ಅಳೆಯುವ ಫೀಲರ್ ಗೇಜ್ ಇತ್ತು. ಮೊದಲು ಕಣ್ಣಳತೆಯಲ್ಲಿ ಹೊಂದಿಸಿ, ಆಮೇಲೆ ಗೇಜ್ ತೂರಿಸಿದರು. ಅದು ಅಳತೆಗೆ ಸರಿಯಾಗಿ ಕೂತಿತು.

ಟೈಮಿಂಗ್, ಅಂದರೆ ಪ್ಲಗ್ಗಿನಲ್ಲಿ ಕಿಡಿ ಹಾರುವ ಹೊತ್ತು, ನೋಡಬೇಕು, ಒಂದು ರೌಂಡ್ ಹೋಗೋಣ ಎಂದು ಅವರೇ ಸ್ಟೇರಿಂಗಿನಲ್ಲಿ ಕೂತರು. ಎಡಗೈ ತಾನಾಗಿ ಗೇರಿನ ಹಿಡಿಗೆ ಹೋಯಿತು. ಒಂದು, ಎರಡು, ಮೂರು, ಎಲ್ಲೂ ತಡಕಾಟ ಇಲ್ಲ. ಚಿಕ್ಕ ಏರು ಸಿಕ್ಕಾಗ ಬೇಕೆಂದೇ ಮೂರನೇ ಗೇರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಒತ್ತಿ ಕಿವಿಗೊಟ್ಟರು. ಟೈಮಿಂಗ್ ಮುಂದಾಗಿದ್ದರೆ ಕಟಕಟ ಸದ್ದು ಬರುತ್ತದೆ, ಹಿಂದಾಗಿದ್ದರೆ ಗಾಡಿ ಮಂಕು ಬಡಿದು ಎಳೆಯುತ್ತದೆ. ಇಳಿದು ಡಿಸ್ಟ್ರಿಬ್ಯೂಟರನ್ನು ಕೂದಲೆಳೆಯಷ್ಟು ತಿರುಗಿಸಿ ಮತ್ತೆ ಅದೇ ಏರು ಹತ್ತಿಸಿದರು. ಈ ಸಲ ಗಾಡಿ ಎಳೆದ ರೀತಿಯೇ ಬೇರೆ. ಅವರು ತೀರ ಕಡಿಮೆ ಮಾತಿನವರು. ವಾಪಸ್ ಬಂದ ಮೇಲೆ ಮಾತ್ರ, ಈ ಗೇರು ಹಾಕಿ ಎಷ್ಟೋ ಕಾಲ ಆಗಿತ್ತು ಅಂದರು.

ಹಳೆಯ ಕಾರನ್ನು ದೂರ ಓಡಿಸಬೇಕು ಎಂದು ನಾನು ಹೇಳುವುದಕ್ಕೆ ಇಂಥವರೂ ಕಾರಣ. ಪಾಯಿಂಟು ನೋಡುವ ಕಣ್ಣು, ಏರಿನಲ್ಲಿ ಟೈಮಿಂಗ್ ಕೇಳುವ ಕಿವಿ ಇನ್ನೂ ಊರೂರಲ್ಲಿ ಇವೆ. ಅವರ ಮುಂದೆ ಅಂಥ ಗಾಡಿ ಬಂದು ನಿಲ್ಲುವುದು ಕಡಿಮೆಯಾಗಿದೆ, ಅಷ್ಟೇ. ಬಂದು ನಿಂತರೆ ಪಕ್ಕದಲ್ಲಿರುವ ಹುಡುಗ ನೋಡುತ್ತಾನೆ. ಶೆಡ್ಡಿನಲ್ಲಿಟ್ಟ ಕಾರು ಅವನಿಗೆ ಏನನ್ನೂ ತೋರಿಸುವುದಿಲ್ಲ.

ತಾಳವಾಡಿ ಮುಟ್ಟುವಾಗ ಸಂಜೆ. ಬೋರ್ಡುಗಳು ತಮಿಳಿನಲ್ಲಿ, ಅಂಗಡಿಯ ಕಟ್ಟೆಯ ಮಾತು ಕನ್ನಡದಲ್ಲಿ. ಗೆಳೆಯ ಗೇಟಿನಲ್ಲೇ ನಿಂತಿದ್ದ. ‘ಏನ್ ಗುರು, ನಿಜವಾಗ್ಲೂ ಇದ್ರಲ್ಲೇ ಬಂದ್ಬಿಟ್ಯಾ!’ ಎಂದು ಕಾರಿಗೆ ಒಂದು ಸುತ್ತು ಬಂದ. ಅವನ ಅಮ್ಮ ರಾಗಿಮುದ್ದೆ, ಹಿತಕಿದವರೆ ಸಾರು ಮಾಡಿದ್ದರು. ಕರಾವಳಿಯ ಭಾವ ಮುದ್ದೆ ನುಂಗಲು ಕಲಿತದ್ದು ಅವರ ಕೈಯಲ್ಲೇ. ‘ಅಗೀಬ್ಯಾಡಿ ಕಣಪ್ಪ, ನುಂಗಿ’ ಎಂದು ಎದುರು ಕೂತು ಹೇಳಿಕೊಟ್ಟರು. ರಾತ್ರಿ ದೂರದ ಹೊಲಗಳಿಂದ ಪಟಾಕಿ ಸದ್ದು. ಆನೆ ಓಡಿಸುತ್ತಿದ್ದಾರೆ ಎಂದ ಗೆಳೆಯ. ಇದು ಸತ್ಯಮಂಗಲ ಹುಲಿ ಸಂರಕ್ಷಿತ ಪ್ರದೇಶದ ಅಂಚು.

ಮರುದಿನ ಡಾ. ರಾಜ್‌ಕುಮಾರ್ ಅವರ ಗಾಜನೂರಿಗೆ ಹೋದೆವು. 2000ದ ಜುಲೈ 30ರ ರಾತ್ರಿ ವೀರಪ್ಪನ್ ಅವರನ್ನು ಅಪಹರಿಸಿದ್ದು ಅಲ್ಲಿಂದಲೇ. ಆ 108 ದಿನ ಕಾಸರಗೋಡಿನ ನಮ್ಮ ಮನೆಯಲ್ಲೂ ರೇಡಿಯೊ ಆರಿರಲಿಲ್ಲ. ಊರಿನಲ್ಲಿ ಒಬ್ಬ ಅಜ್ಜ ಕಾರಿನ ಮಡ್‌ಗಾರ್ಡ್ ಸವರಿ ಎಲ್ಲಿಂದ ಬಂದ್ರಪ್ಪ ಎಂದು ಕೇಳಿದರು. ಕಾಸರಗೋಡು ಅಂದೆ. ‘ಅದೂ ನಮ್ಮಂಗೇ ಆಚ್ಗೋದ ಊರಲ್ವಾ’ ಅಂದರು. ನನಗೆ ಕನ್ನಡ ಹೇಗೆ ಬರುತ್ತದೆ ಎಂದು ಅವರು ಕೇಳಲಿಲ್ಲ.

ಇನ್ನು ದಿಂಬಂ. ತಾಳವಾಡಿ ಇರುವುದು ಮೇಲಿನ ಬಯಲಿನಲ್ಲಿ. ಅಲ್ಲಿಂದ ಆಸನೂರಿನ ಕಡೆಗೆ ಬಂದು ಹೆದ್ದಾರಿ ಹಿಡಿದರೆ ದಿಂಬಂ, ಅಲ್ಲಿಂದ 27 ಹಿಮ್ಮುರಿ ತಿರುವು ಇಳಿದರೆ ಬಣ್ಣಾರಿ. ಕಾಡಿನ ಪ್ರಾಣಿಗಳಿಗಾಗಿ ಈ ದಾರಿಯಲ್ಲಿ ರಾತ್ರಿ ಸಂಚಾರಕ್ಕೆ ನಿರ್ಬಂಧ ಇದೆ. ಬೆಳಿಗ್ಗೆ ಹೊರಟೆವು, ಗೆಳೆಯನೂ ಹಿಂದೆ ಕೂತ.

ಇಳಿಜಾರಿನಲ್ಲಿ ಡ್ರಮ್ ಬ್ರೇಕಿನ ಕಷ್ಟ ಏನೆಂದರೆ ಬಿಸಿ ಒಳಗೇ ಉಳಿಯುವುದು. ಡಿಸ್ಕ್ ಬ್ರೇಕು ಗಾಳಿಗೆ ತೆರೆದಿರುತ್ತದೆ, ಬೇಗ ಆರುತ್ತದೆ. ಡ್ರಮ್ ಮುಚ್ಚಿದ ಡಬ್ಬಿ. ಬಿಸಿಯಾದ ಹಾಗೆ ಡ್ರಮ್ ಹಿಗ್ಗಿ ಶೂನಿಂದ ದೂರ ಸರಿಯುತ್ತದೆ, ಲೈನಿಂಗಿನ ಹಿಡಿತ ಕುಗ್ಗುತ್ತದೆ, ಪೆಡಲ್ ಇನ್ನೂ ಕೆಳಗೆ ಇನ್ನೂ ಕೆಳಗೆ ಹೋಗುತ್ತದೆ. ಕಾಲು ಪೆಡಲಿನ ಮೇಲೆ ಸುಮ್ನೆ ಇಟ್ಟುಕೊಂಡು ಇಳಿಯುವವರಿಗೆ ಇದು ಆಗಿಯೇ ಆಗುತ್ತದೆ. ಇದಕ್ಕೆ ಇರುವ ಉಪಾಯ ಒಂದೇ. ತಿರುವಿಗೆ ಬರುವ ಮೊದಲೇ ಕೆಳಗಿನ ಗೇರು, ಎಂಜಿನ್ನೇ ಗಾಡಿಯನ್ನು ಹಿಡಿಯಬೇಕು. ಬ್ರೇಕನ್ನು ಗಟ್ಟಿಯಾಗಿ ಒಮ್ಮೆ ಒತ್ತಿ ವೇಗ ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಬಿಟ್ಟ ಹೊತ್ತಿನಲ್ಲಿ ಡ್ರಮ್ ಆರುತ್ತದೆ.

ದಾರಿಯುದ್ದಕ್ಕೂ ಎರಡನೇ ಗೇರು. ತೀರ ಕಡಿದಾದ ಮೂರ್ನಾಲ್ಕು ತಿರುವಿಗೆ ಒಂದನೇ ಗೇರು ಬೇಕಾಯಿತು. ಓಡುವಾಗ ಇದನ್ನು ಒಂದಕ್ಕೆ ಹಾಕಲು ಡಬಲ್ ಕ್ಲಚ್ ಮಾಡಬೇಕು. ಕ್ಲಚ್ ಒತ್ತಿ ನ್ಯೂಟ್ರಲ್, ಬಿಟ್ಟು ಒಂದು ಸಣ್ಣ ಆಕ್ಸಿಲರೇಟರ್, ಮತ್ತೆ ಒತ್ತಿ ಒಂದು. ಸರಿಯಾದ ಹೊತ್ತಿಗೆ ಹಾಕಿದರೆ ಹಲ್ಲು ಕಡಿಯುವ ಸದ್ದು ಬರುವುದಿಲ್ಲ. ಎದುರಿನಿಂದ ಹತ್ತುವ ಲಾರಿಗಳು ತಿರುವು ಪೂರ್ತಿ ತೆಗೆದುಕೊಳ್ಳುತ್ತವೆ, ಅವಕ್ಕೆ ಬೇರೆ ದಾರಿಯಿಲ್ಲ. ಹತ್ತುವವರಿಗೆ ಮೊದಲ ಹಕ್ಕು. ದೂರದಲ್ಲೇ ನಿಂತು ಕಾದು, ಅವರು ಹೋದ ಮೇಲೆ ನಾವು. ಒಬ್ಬ ಲಾರಿ ಡ್ರೈವರ್ ಸ್ಟೇರಿಂಗ್ ತಿರುಗಿಸುತ್ತಲೇ ಕಿಟಕಿಯಿಂದ ಕೈ ಎತ್ತಿ, ನಮ್ಮ ಕಾರಿನ ಕಡೆಗೆ ಹೆಬ್ಬೆರಳು ತೋರಿಸಿದ. ಭಾವ ಪೂರ್ತಿ ದಾರಿ ಒಂದು ಮಾತೂ ಆಡಲಿಲ್ಲ.

ಬಣ್ಣಾರಿ ಅಮ್ಮನ ದೇವಸ್ಥಾನದ ಹತ್ತಿರ ನಿಲ್ಲಿಸಿ ನಾಲ್ಕೂ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿದೆ. ಬಿಸಿ ಇತ್ತು, ಸುಡುವ ಬಿಸಿಯಲ್ಲ. ಸುಟ್ಟ ವಾಸನೆ ಇಲ್ಲ. ಪೆಡಲ್ ಹೊರಟಾಗ ಇದ್ದಷ್ಟೇ ಎತ್ತರದಲ್ಲಿತ್ತು. ಅಲ್ಲಿಂದಲೇ ಇಚ್ಚನಿಗೆ ಫೋನ್ ಮಾಡಿ ಹೇಳಿದೆ. ಅವನು ಡ್ರಮ್ಮಿಗೆ ನೀರು ಗೀರು ಹಾಕಬೇಡಿ ಎಂದಷ್ಟೇ ಹೇಳಿ ಇಟ್ಟ.

ವಾಪಸ್ ಹತ್ತುವಾಗ ಗೆಳೆಯ ಸ್ಟೇರಿಂಗ್ ಕೇಳಿದ. ಅವನು ಓಡಿಸಿದ್ದೆಲ್ಲ ಹೊಸ ಕಾರುಗಳೇ. ಕೆಳಗಿನ ತಿರುವುಗಳಲ್ಲಿ ಗೇರು ಹುಡುಕುತ್ತಿದ್ದವನ ಕೈ ಮೇಲೆ ಬರುವಷ್ಟರಲ್ಲಿ ಪಳಗಿತು. ದಿಂಬಂ ಮುಟ್ಟಿದಾಗ ಅವನು ಕೇಳಿದ್ದು ಒಂದೇ: ತಾಳವಾಡಿಯಲ್ಲಿ ಅವನ ಚಿಕ್ಕಪ್ಪನ ಮನೆಯ ಹುಣಸೆ ಮರದ ಕೆಳಗೆ ಒಂದು ಅಂಬಾಸಿಡರ್ ವರ್ಷಗಟ್ಟಲೆಯಿಂದ ನಿಂತಿದೆ, ಅದು ಏಳುತ್ತದಾ?

ನೇರ ಅಲ್ಲಿಗೇ ಹೋದೆವು. 1489 ಸಿಸಿಯ ಹಳೆಯ ಪೆಟ್ರೋಲ್ ಎಂಜಿನ್ನಿನ ಗಾಡಿ. ಟೈರು ನಾಲ್ಕೂ ಮಣ್ಣಿಗೆ ಕೂತಿದ್ದವು. ಬಾನೆಟ್ ತೆರೆದರೆ ಇಲಿಗೂಡು. ಆದರೆ ಚಾಸಿಸ್ಸಿನ ಕಡೆ ಬಡಿದು ನೋಡಿದರೆ ಗಟ್ಟಿ ಸದ್ದು. ನಮ್ಮ ಕರಾವಳಿಯ ತೇವ ಅಲ್ಲಿ ಇಲ್ಲವಲ್ಲ. ಪ್ಲಗ್ ನಾಲ್ಕೂ ಬಿಚ್ಚಿ ಸಿಲಿಂಡರುಗಳಿಗೆ ಸ್ವಲ್ಪ ಸ್ವಲ್ಪ ಆಯಿಲ್ ಬಿಟ್ಟು ರಾತ್ರಿಯಿಡೀ ಹಾಗೇ ಇಟ್ಟೆವು. ಬೆಳಿಗ್ಗೆ ಮುಂದಿನಿಂದ ಹ್ಯಾಂಡಲ್ ತೂರಿಸಿ ಗೆಳೆಯ ಒತ್ತಿದ. ಮೊದಲು ಅಲುಗಲಿಲ್ಲ. ಚಿಕ್ಕಪ್ಪನೂ ಕೈ ಹಾಕಿದರು. ಕಾಲು ಸುತ್ತು ತಿರುಗಿತು, ಆಮೇಲೆ ಅರ್ಧ, ಆಮೇಲೆ ಪೂರ್ತಿ.

ಎಂಜಿನ್ ಜಾಮ್ ಆಗಿಲ್ಲ ಎಂದರೆ ಉಳಿದದ್ದೆಲ್ಲ ಸಾಮಾನು ಮತ್ತು ಸಮಯದ ವಿಷಯ. ಟ್ಯಾಂಕ್ ಇಳಿಸಿ ತೊಳೆಯಬೇಕು. ವೀಲ್ ಸಿಲಿಂಡರ್ ಕಿಟ್, ಪೆಟ್ರೋಲ್ ಪೈಪು, ಪಾಯಿಂಟು, ಕಂಡೆನ್ಸರು ಬೇಕು. ಕಂಡೆನ್ಸರ್ ಎರಡು ಇರಲಿ. ಟೈರು, ಬ್ಯಾಟರಿಯನ್ನು ಗೆಳೆಯ ಸತ್ಯಮಂಗಲದಿಂದ ತರುತ್ತಾನೆ. ಮಿಕ್ಕಿದ್ದನ್ನು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿ ನಾನು ಡಿಕ್ಕಿಯಲ್ಲಿ ತರುವುದೆಂದು ಮಾತಾಗಿದೆ. ಇಚ್ಚ ಬರಲು ಒಪ್ಪಿದ್ದಾನೆ, ಮಳೆಗಾಲಕ್ಕೆ ಮೊದಲು ಹೊರಡಬೇಕು ಅನ್ನುವುದು ಅವನ ಷರತ್ತು.